ಬಾನುಲಿ ನಾಟಕದ ಧ್ವನಿ ಪರಿಣಾಮಗಳು

ಬಾನುಲಿ ನಾಟಕ ಅಥವಾ ಹಾಸ್ಯ ರೂಪಕದ ಸಂಭಾಷಣೆ ನಡೆಯುತ್ತಿರುವಾಗಲೇ ಮಳೆ, ಗುಡುಗು, ಹೆಜ್ಜೆ, ಬಾಗಿಲು ಮುಂತಾದ ಸದ್ದುಗಳನ್ನು ಸ್ಟುಡಿಯೋದಲ್ಲಿ ಕೈಯಾರೆ ಉಂಟುಮಾಡುವ ಕಲೆಯನ್ನು ಧ್ವನಿ ಪರಿಣಾಮ ಎನ್ನುತ್ತಾರೆ. ರಂಗಭೂಮಿಯಲ್ಲಿ ಪರದೆ, ಬೆಳಕು, ವೇಷಗಳು ಮಾಡುವ ಕೆಲಸವನ್ನು ಬಾನುಲಿಯಲ್ಲಿ ಮಾತಿನೊಡನೆ ಈ ಸದ್ದುಗಳೇ ನಿರ್ವಹಿಸಬೇಕು.

ಹಿನ್ನೆಲೆ

ಬಾನುಲಿಗೆಂದೇ ಬರೆದ ಮೊದಲ ನಾಟಕಗಳಲ್ಲಿ ಒಂದಾದ ರಿಚರ್ಡ್ ಹ್ಯೂಸ್‌ನ ‘ಡೇಂಜರ್’ 1924ರಲ್ಲಿ ಬಿಬಿಸಿಯಿಂದ ಪ್ರಸಾರವಾಯಿತು. ದೀಪ ಆರಿದ ಕಲ್ಲಿದ್ದಲು ಗಣಿಯಲ್ಲಿ ಅದರ ಕಥೆ ನಡೆಯುತ್ತದೆ. ಪಾತ್ರಗಳಿಗೂ ಕೇಳುಗರಿಗೂ ಕಾಣುವುದು ಕತ್ತಲೆಯೊಂದೇ. ಕರ್ನಾಟಕದಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದರು. ಧಾರವಾಡ ಕೇಂದ್ರ 1950ರಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ ಆರಂಭವಾದವು.

ವಿಧಾನ

ತೆಂಗಿನ ಕರಟಗಳೆರಡನ್ನು ಹಲಗೆಯ ಮೇಲೆ ಲಯವರಿತು ಬಡಿದರೆ ಕುದುರೆಯ ಓಟ. ಮರಳಿನ ಮೇಲೆ ಬಡಿದರೆ ಅದೇ ಕುದುರೆ ಮೆತ್ತನೆಯ ನೆಲದಲ್ಲಿ ನಡೆಯುತ್ತದೆ. ತೂಗುಹಾಕಿದ ದೊಡ್ಡ ತಗಡನ್ನು ಅಲುಗಿಸಿದರೆ ಗುಡುಗು. ಮೊರದಲ್ಲಿ ಕಾಳು ಹೊರಳಿಸಿದರೆ ಮಳೆ. ತೆಳುವಾದ ಹೊಳಪಿನ ಕಾಗದವನ್ನು ಮೈಕಿನ ಸಮೀಪ ಮುದುಡಿದರೆ ಬೆಂಕಿಯ ಚಟಚಟ ಸದ್ದು. ಹೆಜ್ಜೆಗಳಿಗಾಗಿ ಜಲ್ಲಿ ತುಂಬಿದ ತಟ್ಟೆ, ಬಾಗಿಲಿಗಾಗಿ ಚಿಲಕ ಸಹಿತವಾದ ಪುಟ್ಟ ಚೌಕಟ್ಟು ಇರುತ್ತವೆ. ದೂರ, ಸಮೀಪಗಳನ್ನು ತೋರಿಸಲು ಮೈಕಿನಿಂದ ಹಿಂದೆ ಸರಿದರೆ ಸಾಕು.

ನಿಜವಾದ ವಸ್ತುವಿನ ಸದ್ದೇ ಉತ್ತಮವೆಂದು ಭಾವಿಸುವಂತಿಲ್ಲ. ಸ್ಟುಡಿಯೋದಲ್ಲಿ ಹಾರಿಸಿದ ನಿಜವಾದ ಗುಂಡಿನ ಸದ್ದನ್ನು ಮೈಕು ತಾಳಲಾರದೆ ವಿಕಾರಗೊಳಿಸುತ್ತದೆ. ಅಲ್ಲದೆ ಮಳೆಯ ಸದ್ದೊಂದೇ ಕೇಳಿಬಂದರೆ ಎಣ್ಣೆಯಲ್ಲಿ ಬಜ್ಜಿ ಕರಿಯುತ್ತಿರುವಂತೆಯೂ ತೋರಬಹುದು. “ಕೊಡೆ ತರಲಿಲ್ಲವೇ?” ಎಂಬ ಒಂದು ಮಾತು ಬಂದೊಡನೆ ಸಂಶಯ ಉಳಿಯದು. ಆದ್ದರಿಂದ ಸದ್ದಿನ ಅರ್ಥವನ್ನು ಅರ್ಧ ಭಾಗ ನಾಟಕಕಾರನೇ ಒದಗಿಸಬೇಕಾಗುತ್ತದೆ.

ಕೇಳುಗರ ಪರಿಚಯವೂ ಮುಖ್ಯ. ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಚಕ್ಕಡಿಯೆಂದರೆ ಎತ್ತಿನ ಕೊರಳಗಂಟೆಯೂ ಗಾಲಿಯ ಕಿರುಗುಟ್ಟುವಿಕೆಯೂ ಸೇರಿದ ಸದ್ದು. ವಿದೇಶಿ ಧ್ವನಿಮುದ್ರಿಕೆಯ ಕುದುರೆಗಾಡಿ ಅದರ ಸ್ಥಾನವನ್ನು ತುಂಬಲಾರದು.

ಹಾಸ್ಯದಲ್ಲಿ

ಗಂಭೀರ ನಾಟಕದಲ್ಲಿ ಸದ್ದು ಗಮನ ಸೆಳೆಯಬಾರದು, ಹಾಸ್ಯದಲ್ಲಿ ಸೆಳೆಯಲೇಬೇಕು. ಪಾತ್ರೆಗಳು ಉರುಳಿದ ಮೇಲೆ ಎಲ್ಲವೂ ಶಾಂತವಾಗಿ, ಕೊನೆಗೊಂದು ಚಮಚ ತಡವಾಗಿ ಬಿದ್ದರೆ ನಗು ಹುಟ್ಟುತ್ತದೆ. ಆ ಚಮಚ ಒಂದು ಕ್ಷಣ ಮುಂಚೆ ಬಿದ್ದರೂ ಹಾಸ್ಯ ಕೆಡುತ್ತದೆ. ಹೀಗಾಗಿ ಸದ್ದು ಮಾಡುವವನೂ ಹಸ್ತಪ್ರತಿಯನ್ನು ಹಿಡಿದು ನಟರೊಡನೆ ತಾಲೀಮು ನಡೆಸುತ್ತಾನೆ.

ನಂತರದ ಬೆಳವಣಿಗೆ

ಗ್ರಾಮಫೋನ್ ತಟ್ಟೆ, ಟೇಪು, ಅನಂತರ ಕಂಪ್ಯೂಟರಿನ ಧ್ವನಿಸಂಗ್ರಹಗಳು ಈ ಕೈಕೆಲಸವನ್ನು ಬಹುಮಟ್ಟಿಗೆ ಕಡಿಮೆ ಮಾಡಿವೆ. ರೈಲು, ಜನಸಂದಣಿಗಳಿಗೆ ಮುದ್ರಿತ ಸದ್ದೇ ಅನುಕೂಲ. ಆದರೆ ಲೋಟ ಕೆಳಗಿಡುವುದು, ಪತ್ರ ಹರಿಯುವುದು ಮುಂತಾದ, ನಟನ ಉಸಿರಿಗೆ ಹೊಂದಿಕೊಳ್ಳಬೇಕಾದ ಸದ್ದುಗಳನ್ನು ಕೈಯಿಂದ ಮಾಡುವುದೇ ಹೆಚ್ಚು ಸಹಜವೆನಿಸುತ್ತದೆ.