ವಿದ್ಯುತ್ತನ್ನು ಕಡಿಯುವ ವಿದ್ಯೆ: ಶಿವನಸಮುದ್ರದಿಂದ ನಾರಾಯಣಗೂಡದವರೆಗೆ

ವಿದ್ಯುಚ್ಛಕ್ತಿಯ ಚರಿತ್ರೆಯೆಂದರೆ ಅದರ ಉತ್ಪಾದನೆಯ ಚರಿತ್ರೆಯೆಂದೇ ಭಾವಿಸುವ ರೂಢಿ ಬೆಳೆದುಬಂದಿದೆ. ಜಲಪಾತಗಳು, ಅಣೆಕಟ್ಟುಗಳು, ಅವುಗಳನ್ನು ಕಟ್ಟಿಸಿದ ದಿವಾನರು ಮತ್ತು ಎಂಜಿನಿಯರರು ಗ್ರಂಥಗಳಲ್ಲಿ ಸ್ಥಾನ ಪಡೆದಿದ್ದಾರೆ. ಹರಿಯತೊಡಗಿದ ವಿದ್ಯುತ್ತನ್ನು ಅಪಾಯದ ಕ್ಷಣದಲ್ಲಿ ನಿಲ್ಲಿಸುವುದು ಹೇಗೆಂಬ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆ ಮಾತ್ರ ಅಷ್ಟಾಗಿ ಬೆಳಕಿಗೆ ಬಂದಿಲ್ಲ. ತಂತಿಯ ಮೇಲೆ ಕೈಯಿಟ್ಟು ದುಡಿಯುವವನ ಪ್ರಾಣವು ಈ ಎರಡನೆಯ ಚರಿತ್ರೆಯನ್ನೇ ಅವಲಂಬಿಸಿರುವುದರಿಂದ ಇದನ್ನು ಅಲಕ್ಷಿಸುವುದು ಯುಕ್ತವಲ್ಲ.

ಕನ್ನಡ ನಾಡಿಗೆ ಈ ಪ್ರಶ್ನೆ ೧೯೦೨ರಲ್ಲಿಯೇ ಎದುರಾಯಿತು. ಆ ವರ್ಷದ ಜೂನ್ ತಿಂಗಳ ಕೊನೆಯಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಗಿ ಜೋಲಿ ದ ಲೋಟ್ಬಿನಿಯರ್ ಎಂಬ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ಕೈಗೂಡಿದ ಆ ತಂತಿಮಾರ್ಗದ ಉದ್ದ ಸುಮಾರು ೯೨ ಮೈಲಿ. ಅದರ ಒತ್ತಡ ಮೂವತ್ತು-ಮೂವತ್ತೈದು ಸಾವಿರ ವೋಲ್ಟ್. ಅಂದಿನ ಪ್ರಪಂಚದ ಅತಿ ದೀರ್ಘ ವಿದ್ಯುನ್ಮಾರ್ಗಗಳಲ್ಲಿ ಅದೂ ಒಂದು. ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಇದೇ ಶಕ್ತಿಯಿಂದ. ಅಷ್ಟು ಹೆಚ್ಚಿನ ಒತ್ತಡವನ್ನು ಕಡಿಯುವ ವಿದ್ಯೆ ಆಗಿನ್ನೂ ಶೈಶವದಲ್ಲಿತ್ತು. ೧೯೦೧ರಲ್ಲಿ ಅಮೆರಿಕದ ಕೆಲ್ಮನ್ ಎಂಬಾತನು ನಲವತ್ತು ಸಾವಿರ ವೋಲ್ಟಿನ ಮಾರ್ಗಕ್ಕಾಗಿ ರಚಿಸಿದ ಸ್ವಿಚ್ಚೆಂದರೆ ಎಣ್ಣೆ ಮತ್ತು ನೀರನ್ನು ತುಂಬಿದ ಎರಡು ತೆರೆದ ಮರದ ಪೀಪಾಯಿಗಳು. ಇದರಿಂದ ಅಂದಿನ ಸ್ಥಿತಿಯನ್ನು ಊಹಿಸಬಹುದು.

ನಿಜಾಮರ ರಾಜ್ಯದಲ್ಲಿಯೂ ವಿದ್ಯುತ್ತು ರಾಜಧಾನಿಯ ಸುತ್ತಲೇ ಮೊದಲು ಬೆಳೆಯಿತು. ಹುಸೇನ್ ಸಾಗರದ ದಂಡೆಯ ಮೇಲಿದ್ದ ಉಷ್ಣ ವಿದ್ಯುತ್ ಕೇಂದ್ರವು ಹಲವು ದಶಕಗಳ ಕಾಲ ನಗರಕ್ಕೆ ಬೆಳಕನ್ನೊದಗಿಸಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅದನ್ನು ಕೆಡವಲಾಯಿತು. ೧೯೫೬ರ ನವೆಂಬರ್ ೧ರವರೆಗೆ ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಆ ಜಿಲ್ಲೆಗಳಿಂದ ಬಂದು ಕಾಚಿಗೂಡ, ನಾರಾಯಣಗೂಡಗಳ ಸುತ್ತ ನೆಲೆಸಿದ ಕನ್ನಡಿಗರು ಈ ನಗರದ ದೀಪಗಳಲ್ಲಿಯೇ ಓದಿದರು. ೧೯೫೯ರಲ್ಲಿ ಆಂಧ್ರಪ್ರದೇಶ ವಿದ್ಯುತ್ ಮಂಡಲಿ ಸ್ಥಾಪಿತವಾಯಿತು. ಕಾಲಕ್ರಮದಲ್ಲಿ ತೋಟಗಳ ನಡುವಿನ ಮನೆಗಳು ಹೋಗಿ ಬಹು ಅಂತಸ್ತಿನ ಕಟ್ಟಡಗಳೆದ್ದಂತೆ ಬಡಾವಣೆಗೆ ಬೇಕಾದ ಶಕ್ತಿಯೂ ಹೆಚ್ಚಿತು.

ಇಂತಹ ಬಡಾವಣೆಗೆ ವಿದ್ಯುತ್ತು ಬರುವ ಕ್ರಮ ಹೀಗಿದೆ. ೩೩ ಸಾವಿರ ವೋಲ್ಟಿನ ಶಕ್ತಿಯು ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರಿನಲ್ಲಿ ೧೧ ಸಾವಿರಕ್ಕೆ ಇಳಿದು, ಫೀಡರುಗಳೆಂಬ ಕವಲುಗಳಾಗಿ ಬೀದಿಗಳಿಗೆ ಹೋಗುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರುಗಳಲ್ಲಿ ಮತ್ತೆ ಇಳಿದು ಮನೆಗಳನ್ನು ಸೇರುತ್ತದೆ. ಪ್ರತಿಯೊಂದು ಫೀಡರಿನ ತಲೆಯಲ್ಲಿಯೂ ಒಂದು ವಿಚ್ಛೇದಕವಿರಬೇಕು. ಸರ್ಕ್ಯೂಟ್ ಬ್ರೇಕರ್ ಎಂದು ವ್ಯವಹಾರದಲ್ಲಿರುವುದು ಇದೇ. ಗಾಳಿಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದಾಗ, ಇಲ್ಲವೆ ನೆಲವನ್ನು ಅಗೆಯುವವರ ಹಾರೆ ಕೇಬಲ್ಲಿಗೆ ತಗುಲಿದಾಗ, ನೂರಾರು ಆಂಪೇರ್ ಹರಿಯುತ್ತಿದ್ದಲ್ಲಿ ಸಾವಿರಾರು ಆಂಪೇರ್ ನುಗ್ಗುತ್ತದೆ. ಅದನ್ನು ರಿಲೇ ಎಂಬ ಸಾಧನವು ಗುರುತಿಸಿ ಬ್ರೇಕರಿಗೆ ತಿಳಿಸುತ್ತದೆ. ಬ್ರೇಕರು ಸೆಕೆಂಡಿನ ಅಲ್ಪಭಾಗದಲ್ಲಿ ಮಾರ್ಗವನ್ನು ಕಡಿಯಬೇಕು.

ಕಡಿಯುವುದೆಂದರೆ ಎರಡು ಲೋಹದ ತುದಿಗಳನ್ನು ದೂರ ಸರಿಸುವುದಷ್ಟೇ ಎಂದು ತೋರಬಹುದು. ಆದರೆ ತುದಿಗಳು ಅಗಲಿದೊಡನೆ ನಡುವಣ ಗಾಳಿಯು ಕಾದು, ಅಯಾನುಗಳಾಗಿ ಒಡೆದು, ತಾನೇ ವಿದ್ಯುತ್ತಿನ ವಾಹಕವಾಗುತ್ತದೆ. ಸಾವಿರಾರು ಡಿಗ್ರಿ ಉಷ್ಣತೆಯ ಈ ಜ್ವಾಲೆಗೆ ವಿದ್ಯುಚ್ಚಾಪವೆಂದು ಹೆಸರು. ಲೋಹ ಬೇರೆಯಾದರೂ ಪ್ರವಾಹ ನಿಲ್ಲುವುದಿಲ್ಲ. ಇಲ್ಲಿ ಪ್ರಕೃತಿಯೇ ಒಂದು ಅವಕಾಶವನ್ನು ಕೊಟ್ಟಿದೆ. ಭಾರತದಲ್ಲಿ ಬಳಕೆಯಲ್ಲಿರುವ ಪರ್ಯಾಯ ಪ್ರವಾಹವು ಸೆಕೆಂಡಿಗೆ ನೂರು ಬಾರಿ ಶೂನ್ಯವನ್ನು ಹಾಯುತ್ತದೆ. ಆ ಶೂನ್ಯ ಕ್ಷಣದಲ್ಲಿ ಚಾಪವು ಆರುತ್ತದೆ. ಮತ್ತೆ ಹೊತ್ತಿಕೊಳ್ಳದಂತೆ ಆ ಎಡೆಯನ್ನು ತಟ್ಟನೆ ನಿರೋಧಕವಾಗಿ ಮಾಡುವುದೇ ಸಮಸ್ಯೆ. ಎಲ್ಲ ಬಗೆಯ ಬ್ರೇಕರುಗಳೂ ಈ ಒಂದೇ ಸಮಸ್ಯೆಗೆ ಬೇರೆ ಬೇರೆ ಉತ್ತರಗಳು.

ಮೊದಲ ಉತ್ತರ ಎಣ್ಣೆ. ಚಾಪದ ಶಾಖಕ್ಕೆ ಎಣ್ಣೆ ಒಡೆದು ಹೈಡ್ರೊಜನ್ ಹುಟ್ಟುತ್ತದೆ; ಆ ಅನಿಲವು ಚಾಪವನ್ನು ತಣಿಸುತ್ತದೆ. ಈ ಉಪಾಯವು ದಶಕಗಳವರೆಗೆ ಲೋಕವನ್ನು ನಡೆಸಿತು. ಅದರ ದೋಷಗಳೂ ಸ್ಪಷ್ಟವಾಗಿದ್ದವು. ಒಂದೊಂದು ಶಾರ್ಟ್ ಸರ್ಕ್ಯೂಟಿಗೂ ಎಣ್ಣೆ ಕಪ್ಪಾಗುತ್ತಿತ್ತು. ಕೆಲವೇ ಬಾರಿ ಕಡಿದ ಮೇಲೆ ತೊಟ್ಟಿಯನ್ನು ಇಳಿಸಿ, ಎಣ್ಣೆಯನ್ನು ಸೋಸಿ ಅಥವಾ ಬದಲಿಸಿ, ಸ್ಪರ್ಶಕಗಳನ್ನು ಉಜ್ಜಬೇಕಾಗಿತ್ತು. ಅಲಕ್ಷ್ಯವಾದರೆ ತೊಟ್ಟಿ ಸಿಡಿದು ಬೆಂಕಿ ಹತ್ತುವ ಭಯವಿತ್ತು. ಆದರೂ ಒಂದು ಗುಣವುಂಟು: ಕೆಟ್ಟಿರುವುದು ಕಣ್ಣಿಗೆ ಕಾಣುತ್ತಿತ್ತು. ಎಣ್ಣೆಯ ಬಣ್ಣವೂ ವಾಸನೆಯೂ ಕೆಲಸಗಾರನಿಗೆ ಎಚ್ಚರಿಕೆಯನ್ನು ಕೊಡುತ್ತಿದ್ದವು.

ಇನ್ನೊಂದು ಉತ್ತರ ನಿರ್ವಾತ. ಚಾಪಕ್ಕೆ ಆಧಾರವಾದ ಗಾಳಿಯನ್ನೇ ತೆಗೆದುಬಿಟ್ಟರೆ ಹೇಗೆಂಬ ಯೋಚನೆಯನ್ನು ಕ್ಯಾಲಿಫೋರ್ನಿಯದ ತಂತ್ರಜ್ಞಾನ ಸಂಸ್ಥೆಯಲ್ಲಿ ಸೊರೆನ್‌ಸನ್ ಮತ್ತು ಮೆಂಡೆನ್‌ಹಾಲ್ ಪ್ರಯೋಗಕ್ಕೆ ಗುರಿಮಾಡಿ, ೧೯೨೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು ನಲವತ್ತು ಸಾವಿರ ವೋಲ್ಟಿನಲ್ಲಿ ಒಂಬೈನೂರು ಆಂಪೇರಿನಷ್ಟು ಪ್ರವಾಹವನ್ನು ಅವರ ಸ್ವಿಚ್ಚು ಕಡಿಯಿತು. ಇಷ್ಟಾದರೂ ಅದು ಕಾರ್ಖಾನೆಯಿಂದ ಹೊರಬರಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಇದಕ್ಕೆ ಕಾರಣ ವಿದ್ಯುತ್ ಶಾಸ್ತ್ರದಲ್ಲಿರಲಿಲ್ಲ, ಲೋಹಶಾಸ್ತ್ರದಲ್ಲಿತ್ತು. ಲೋಹದೊಳಗೆ ಅಡಗಿದ ಅನಿಲವು ಚಾಪದ ಶಾಖಕ್ಕೆ ಹೊರಬಂದು ನಿರ್ವಾತವನ್ನು ಕೆಡಿಸುತ್ತಿತ್ತು. ಗಾಜಿಗೂ ಲೋಹಕ್ಕೂ ವರ್ಷಗಟ್ಟಲೆ ಸೋರದ ಬೆಸುಗೆಯನ್ನು ಹಾಕುವ ಕೌಶಲವೂ ಪಕ್ವವಾಗಿರಲಿಲ್ಲ. ಟ್ರಾನ್ಸಿಸ್ಟರಿನ ಸಂಶೋಧನೆಯಿಂದ ಲೋಹಗಳನ್ನು ಅತ್ಯಂತ ಶುದ್ಧಗೊಳಿಸುವ ಕ್ರಮ ದೊರೆತ ಮೇಲೆ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಥಾಮಸ್ ಲೀ, ಅಲನ್ ಗ್ರೀನ್‌ವುಡ್ ಮೊದಲಾದವರು ಶಾರ್ಟ್ ಸರ್ಕ್ಯೂಟನ್ನು ಕಡಿಯಬಲ್ಲ ನಿರ್ವಾತ ಕೋಶವನ್ನು ಸಿದ್ಧಪಡಿಸಿ ೧೯೬೨ರಲ್ಲಿ ಅದರ ವಿವರವನ್ನು ಪ್ರಕಟಿಸಿದರು.

ಕನ್ನಡ ನಾಡು ಈ ಕಥೆಯನ್ನು ಮತ್ತೆ ಪ್ರವೇಶಿಸುವುದು ಇಲ್ಲಿಯೇ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ೧೯೬೦ರ ದಶಕದಲ್ಲಿ ರೇಡಿಯೊ ಕವಾಟಗಳ ತಯಾರಿಕೆಯನ್ನು ಕೈಗೊಂಡಿತು. ಕವಾಟವೆಂದರೆ ಗಾಳಿಯನ್ನು ಹೀರಿ ಮುದ್ರೆಮಾಡಿದ ಕೋಶ. ಲೋಹವನ್ನು ನಿರ್ವಾತದಲ್ಲಿ ಕಾಯಿಸಿ ಅನಿಲವನ್ನು ಬಿಡಿಸುವುದೂ ಸೋರದ ಬೆಸುಗೆಯನ್ನು ಹಾಕುವುದೂ ಆ ಕಸಬಿನ ಜೀವಾಳ. ಮುಂದೆ ಆ ಸಂಸ್ಥೆಯು ಬ್ರೇಕರಿನ ನಿರ್ವಾತ ಕೋಶಗಳನ್ನೂ ತಯಾರಿಸಿತು. ಬ್ರೇಕರುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯೂ ೧೯೬೦ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಅದರ ಅತ್ಯುನ್ನತ ವೋಲ್ಟೇಜಿನ ಪ್ರಯೋಗಶಾಲೆ ಹೈದರಾಬಾದಿನ ಉಪ್ಪಲ್‌ನಲ್ಲಿದೆ.

ನಿರ್ವಾತ ಕೋಶದ ರಚನೆ ಸರಳ. ಪಿಂಗಾಣಿಯ ಒಂದು ಕೊಳವೆ. ಅದರೊಳಗೆ ಎದುರುಬದುರಾಗಿ ಎರಡು ಸ್ಪರ್ಶಕಗಳು. ಒಂದು ಸ್ಥಿರವಾದುದು, ಇನ್ನೊಂದು ಚಲಿಸುವಂಥದು. ಚಲಿಸುವ ದಂಡಕ್ಕೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಗಳುಳ್ಳ ತೆಳುಲೋಹದ ಕವಚವಿರುವುದರಿಂದ ಹೊರಗಿನ ಗಾಳಿ ಒಳಕ್ಕೆ ಬಾರದೆ ಚಲನೆ ಸಾಧ್ಯವಾಗುತ್ತದೆ. ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಶತಕೋಟಿಯಲ್ಲೊಂದು ಪಾಲಿನಷ್ಟು ಅಥವಾ ಅದಕ್ಕೂ ಕಡಿಮೆ. ೧೧ ಸಾವಿರ ವೋಲ್ಟಿನ ಬ್ರೇಕರಿನಲ್ಲಿ ಸ್ಪರ್ಶಕಗಳು ಅಗಲುವ ದೂರ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಅಗಲಿದಾಗ ಸ್ಪರ್ಶಕದ ಲೋಹವೇ ಆವಿಯಾಗಿ ಚಾಪವನ್ನು ಹೊರುತ್ತದೆ. ಪ್ರವಾಹ ಶೂನ್ಯಕ್ಕೆ ಬಂದೊಡನೆ ಆ ಆವಿಯು ಸುತ್ತಣ ಲೋಹದ ಮರೆಯ ಮೇಲೆ ಘನೀಭವಿಸುತ್ತದೆ. ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಎಡೆಯು ಮತ್ತೆ ಬರಿದಾಗಿ ಒತ್ತಡವನ್ನು ತಡೆಯಬಲ್ಲುದಾಗುತ್ತದೆ. ಚಾಪವು ಒಂದೆಡೆ ನಿಂತು ಲೋಹವನ್ನು ಕರಗಿಸದಂತೆ ಸ್ಪರ್ಶಕಗಳಲ್ಲಿ ಸುರುಳಿಯಾಗಿ ಸೀಳುಗಳನ್ನು ಕೊರೆದು, ಪ್ರವಾಹದ ಕಾಂತಬಲದಿಂದಲೇ ಚಾಪವು ಸುತ್ತುವಂತೆ ಮಾಡುವುದುಂಟು. ತಾಮ್ರ ಮತ್ತು ಕ್ರೋಮಿಯಮ್ಮಿನ ಮಿಶ್ರಣವು ಸ್ಪರ್ಶಕಗಳಿಗೆ ಈಗ ಹೆಚ್ಚಾಗಿ ಬಳಕೆಯಲ್ಲಿದೆ.

ಎಣ್ಣೆಯಿಲ್ಲ, ಬೆಂಕಿಯಿಲ್ಲ, ಸಾಮಾನ್ಯವಾಗಿ ಹತ್ತು ಸಾವಿರ ಬಾರಿ ತೆರೆದು ಮುಚ್ಚುವ ಬಾಳಿಕೆ. ಇದರ ಪ್ರತಿಸ್ಪರ್ಧಿಯಾದ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮೀರಿದುದೆಂದು ತಿಳಿದ ಮೇಲೆ ನಿರ್ವಾತಕ್ಕೆ ಇನ್ನಷ್ಟು ಮನ್ನಣೆ ಬಂದಿದೆ. ೨೦೨೦ರ ಫೆಬ್ರವರಿಯಿಂದ ನಾರಾಯಣಗೂಡವನ್ನು ಹಾದುಹೋಗುತ್ತಿರುವ ಮೆಟ್ರೊ ರೈಲು ೨೫ ಸಾವಿರ ವೋಲ್ಟಿನ ತಂತಿಯಿಂದ ನಡೆಯುವಂಥದು. ಇಂತಹ ರೈಲುಗಳ ನೆತ್ತಿಯ ಮೇಲೆಯೂ ನಿರ್ವಾತ ಬ್ರೇಕರನ್ನು ಇಡುವುದು ವಾಡಿಕೆ.

ಈ ಗುಣಗಳಿಂದಲೇ ಒಂದು ಅಪಾಯಕರವಾದ ನಂಬಿಕೆಯೂ ಬೆಳೆದಿದೆ. ನಿರ್ವಾತ ಬ್ರೇಕರಿಗೆ ಆರೈಕೆ ಬೇಡವೆಂಬುದು ಆ ನಂಬಿಕೆ. ಮುದ್ರೆಯಾದ ಕೋಶವನ್ನು ಬಿಚ್ಚುವಂತಿಲ್ಲವೆಂಬುದು ನಿಜ. ಆರೈಕೆ ಬೇಡವೆಂಬುದು ನಿಜವಲ್ಲ. ನಿರ್ವಾತ ಕೆಟ್ಟ ಕೋಶವೂ ಹೊರಗಿನಿಂದ ಒಳ್ಳೆಯದರಂತೆಯೇ ಕಾಣುತ್ತದೆ. ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪರೀಕ್ಷೆಯೇ ಮಾಡಬೇಕು.

ಪರೀಕ್ಷೆಗಳಲ್ಲಿ ಮುಖ್ಯವಾದುದು ನಿರ್ವಾತದ ಪರೀಕ್ಷೆ. ತೆರೆದ ಸ್ಪರ್ಶಕಗಳ ನಡುವೆ ಹೆಚ್ಚಿನ ಒತ್ತಡವನ್ನು ಒಂದು ನಿಮಿಷ ಹಾಕಿ ಕೋಶವು ತಡೆಯುವುದೇ ಎಂದು ನೋಡಲಾಗುತ್ತದೆ. ೧೨ ಸಾವಿರ ವೋಲ್ಟಿನ ದರ್ಜೆಯ ಬ್ರೇಕರಿಗೆ ಕಾರ್ಖಾನೆಯ ಪರೀಕ್ಷೆ ೨೮ ಸಾವಿರ ವೋಲ್ಟಿನದು. ಸ್ಥಳದಲ್ಲಿ ಅದರ ಮುಕ್ಕಾಲು ಪಾಲಿನಷ್ಟನ್ನು ಹಾಕುವುದು ಪದ್ಧತಿ. ತಯಾರಕರು ಹೇಳಿದ ಮಿತಿಯನ್ನು ಮೀರಬಾರದು. ನಿರ್ವಾತದಲ್ಲಿ ಅಧಿಕ ಒತ್ತಡದಿಂದ ಕ್ಷ-ಕಿರಣಗಳು ಹುಟ್ಟುವ ಸಂಭವವಿರುವುದರಿಂದ ಪರೀಕ್ಷಕರು ಕೆಲವು ಮೀಟರ್ ದೂರದಲ್ಲಿರಬೇಕು. ಪರೀಕ್ಷೆಯ ಬಳಿಕ ಒಳಗಿನ ಲೋಹದ ಮರೆಯಲ್ಲಿ ಆವೇಶ ಉಳಿದಿರಬಹುದಾದ್ದರಿಂದ ಅದನ್ನು ಭೂಮಿಗೆ ಹರಿಸಿದ ನಂತರವೇ ಮುಟ್ಟಬೇಕು. ಎರಡನೆಯದು, ಮುಚ್ಚಿದ ಸ್ಪರ್ಶಕಗಳ ರೋಧವನ್ನು ನೂರು ಆಂಪೇರಿನ ನೇರ ಪ್ರವಾಹದಿಂದ ಅಳೆದು ಹಿಂದಿನ ವರ್ಷದ ಅಂಕಿಯೊಡನೆ ಹೋಲಿಸುವುದು. ಮೂರನೆಯದು, ಸ್ಪರ್ಶಕಗಳ ಸವೆತವನ್ನು ದಂಡದ ಮೇಲಿನ ಗುರುತಿನಿಂದ ನೋಡುವುದು. ಮಿತಿ ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ಮಾತ್ರ. ಇವಲ್ಲದೆ ಮೂರು ಫೇಸುಗಳೂ ಒಟ್ಟಿಗೆ ತೆರೆಯುವುವೇ ಎಂದು ಕಾಲವನ್ನು ಅಳೆಯಬೇಕು. ಪಿಂಗಾಣಿಯನ್ನು ಒಣಬಟ್ಟೆಯಿಂದ ಒರೆಸಬೇಕು. ಸ್ಪ್ರಿಂಗ್ ಮತ್ತು ಕೀಲುಗಳಿಗೆ ಗ್ರೀಸ್ ಹಾಕಬೇಕು. ಸಬ್‌ಸ್ಟೇಷನ್ನಿನ ಬ್ಯಾಟರಿಯನ್ನಂತೂ ಮರೆಯಲೇಬಾರದು. ಬ್ಯಾಟರಿ ಸತ್ತಿದ್ದರೆ ರಿಲೇ ಆಜ್ಞೆ ಕೊಟ್ಟರೂ ಬ್ರೇಕರು ತೆರೆಯದು. ಕೋಶವು ಎಷ್ಟು ಶ್ರೇಷ್ಠವಾಗಿದ್ದರೂ ಪ್ರಯೋಜನವಿಲ್ಲ.

ಇವೆಲ್ಲಕ್ಕಿಂತ ಮೊದಲಿನದು ಮನುಷ್ಯನ ರಕ್ಷಣೆ. ಬ್ರೇಕರಿನ ಮುಖದ ಮೇಲೆ ‘ತೆರೆದಿದೆ’ ಎಂಬ ಫಲಕ ಕಂಡ ಮಾತ್ರಕ್ಕೆ ತಂತಿ ನಿರ್ಜೀವವಾಯಿತೆಂದು ತಿಳಿಯಲಾಗದು. ಆ ಫಲಕ ಯಂತ್ರದ ಕೀಲಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಕೋಶದೊಳಗಿನ ಸ್ಥಿತಿಯನ್ನಲ್ಲ. ಅಲ್ಲದೆ ಫೀಡರಿಗೆ ಇನ್ನೊಂದು ತುದಿಯಿಂದಲೂ, ಕಟ್ಟಡಗಳ ಜನರೇಟರುಗಳಿಂದಲೂ ವಿದ್ಯುತ್ತು ಹಿಮ್ಮುಖವಾಗಿ ಬರಬಹುದು. ಆದುದರಿಂದ ಬ್ರೇಕರನ್ನು ತೆರೆದ ಮೇಲೆ ಅದರ ಗಾಡಿಯನ್ನು ಹೊರಕ್ಕೆಳೆಯಬೇಕು, ಅಥವಾ ಎರಡೂ ಬದಿಯ ಐಸೊಲೇಟರುಗಳನ್ನು ತೆರೆದು ಕಣ್ಣಿಗೆ ಕಾಣುವ ಅಂತರವನ್ನು ಮಾಡಬೇಕು. ಬೀಗ ಹಾಕಿ ಎಚ್ಚರಿಕೆಯ ಫಲಕವನ್ನು ತೂಗಬೇಕು. ಸುಸ್ಥಿತಿಯಲ್ಲಿದೆಯೆಂದು ಆಗಲೇ ಪರೀಕ್ಷಿಸಿದ ಸೂಚಕದಿಂದ ವಿದ್ಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅನಂತರ ಮೂರು ತಂತಿಗಳನ್ನೂ ಭೂಮಿಗೆ ಜೋಡಿಸಬೇಕು. ಜೋಡಿಸುವಾಗ ಭೂಮಿಯ ತುದಿ ಮೊದಲು, ತಂತಿಯ ತುದಿ ಆಮೇಲೆ. ತೆಗೆಯುವಾಗ ಇದರ ವಿಲೋಮ. ಯಂತ್ರಭಾಗಕ್ಕೆ ಕೈಹಾಕುವ ಮುನ್ನ ಸ್ಪ್ರಿಂಗನ್ನು ಬಿಗಿಯುವ ಮೋಟಾರಿನ ಸರಬರಾಜನ್ನು ತೆಗೆದು, ಬ್ರೇಕರನ್ನು ಒಮ್ಮೆ ಮುಚ್ಚಿ ಮತ್ತೆ ತೆರೆದು, ಸ್ಪ್ರಿಂಗುಗಳಲ್ಲಿನ ಬಲವನ್ನು ಬಿಡಿಸಬೇಕು. ವಿದ್ಯುತ್ತಿಲ್ಲದಾಗಲೂ ಬೆರಳನ್ನು ಕತ್ತರಿಸುವ ಶಕ್ತಿ ಆ ಸ್ಪ್ರಿಂಗಿಗುಂಟು.

ಇಷ್ಟೂ ಮುಗಿದ ಮೇಲೆ ಜವಾಬ್ದಾರಿಯುತ ಅಧಿಕಾರಿ ಬರೆದುಕೊಡುವ ಅನುಮತಿಗೆ ‘ಲೈನ್ ಕ್ಲಿಯರ್’ ಎಂಬ ಹೆಸರು ಹೈದರಾಬಾದಿನಲ್ಲಿಯೂ ಕರ್ನಾಟಕದಲ್ಲಿಯೂ ಒಂದೇ ಆಗಿ ನಡೆದುಬಂದಿದೆ. ೧೯೫೬ರ ಭಾರತೀಯ ವಿದ್ಯುತ್ ನಿಯಮಗಳಿಂದ ಮೊದಲುಗೊಂಡು ೨೦೧೦ರ ಹಾಗೂ ಅದರ ಸ್ಥಾನದಲ್ಲಿ ಬಂದ ೨೦೨೩ರ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಬಂಧನೆಗಳವರೆಗೆ ಕಾನೂನು ಈ ಎಚ್ಚರಿಕೆಯನ್ನು ಒತ್ತಿಹೇಳುತ್ತಲೇ ಬಂದಿದೆ. ಬಾಯಿಮಾತಿನಿಂದಲೋ ಫೋನಿನ ಆತುರದಲ್ಲಿಯೋ ಇದನ್ನು ಮುಗಿಸಿಬಿಡುವಲ್ಲಿಯೇ ಅನಾಹುತದ ಬೀಜವಿದೆ.

ಪೀಪಾಯಿಯ ಎಣ್ಣೆಯಿಂದ ಪಿಂಗಾಣಿಯ ಕೊಳವೆಯವರೆಗೆ ನಡೆದ ಈ ಚರಿತ್ರೆಯಲ್ಲಿ ಚಾಪವು ಹೆಜ್ಜೆ ಹೆಜ್ಜೆಗೂ ಕಣ್ಣಿನಿಂದ ಮರೆಯಾಗುತ್ತ ಬಂದಿದೆ. ಬೆಂಕಿಯ ಭಯ ಕಡಿಮೆಯಾದುದು ಲಾಭ; ಅದರೊಡನೆ ಎಚ್ಚರಿಕೆಯ ಗುರುತುಗಳೂ ಮರೆಯಾದುವೆಂಬುದನ್ನು ನೆನಪಿನಲ್ಲಿಡುವುದು ಅಗತ್ಯ. ಮಳೆಗಾಲದ ರಾತ್ರಿ ನಾರಾಯಣಗೂಡದ ಬೀದಿಯಲ್ಲಿ ದೀಪವಾರಿದಾಗ ಕಂಬವನ್ನೇರುವ ಲೈನ್‌ಮನ್ನನಿಗೆ ಸಬ್‌ಸ್ಟೇಷನ್ನಿನ ಕೋಶವು ಕಾಣುವುದಿಲ್ಲ. ವರ್ಷಕ್ಕೊಮ್ಮೆ ಅದನ್ನು ಪರೀಕ್ಷಿಸಿ ಬರೆದಿಟ್ಟವರ ಪ್ರಾಮಾಣಿಕತೆಯನ್ನೂ, ತನ್ನ ಕಣ್ಣೆದುರಿಗೆ ತಂತಿಯನ್ನು ಭೂಮಿಗೆ ಜೋಡಿಸಿದ ಸರಪಳಿಯನ್ನೂ ನಂಬಿಯೇ ಅವನು ಮೇಲಕ್ಕೆ ಹೋಗುತ್ತಾನೆ.