ಗರ್ಭಕೋಶದ ಗಡ್ಡೆ: ಒಂದು ಚರಿತ್ರೆ

ಕೆಲವು ಕಾಯಿಲೆಗಳ ಮಾತು ನಮ್ಮಲ್ಲಿ ಅಡಿಗೆಮನೆಯ ಹೊಸಿಲು ದಾಟುವುದಿಲ್ಲ. ಗರ್ಭಕೋಶದ ಗಡ್ಡೆ ಅಂಥದೊಂದು. ತಿಂಗಳು ತಿಂಗಳೂ ಮಿತಿಮೀರಿ ರಕ್ತ ಹೋಗಿ ಮುಖ ಬಿಳಿಚಿಕೊಂಡರೂ, ಎಲ್ಲರಿಗೂ ಇರುವುದೇ ಎಂದು ಸುಮ್ಮನಿರುವ ತಾಯಂದಿರು ಎಷ್ಟು ಮಂದಿ! ವೈದ್ಯರಲ್ಲಿಗೆ ಹೋದರೆ ಗರ್ಭಕೋಶವನ್ನೇ ತೆಗೆದುಬಿಡುತ್ತಾರೆಂಬ ಅಂಜಿಕೆಯೂ ಅದಕ್ಕೆ ಕಾರಣ. ಆ ಅಂಜಿಕೆಗೆ ಒಂದು ಚರಿತ್ರೆಯುಂಟು.

ಚರಕಸಂಹಿತೆಯಲ್ಲಿ ರಕ್ತಗುಲ್ಮದ ವರ್ಣನೆ ಇದೆ. ಅದು ಸ್ತ್ರೀಯರಿಗೆ ಮಾತ್ರ ಬರುವಂಥದು. ಗರ್ಭದಂತೆಯೇ ತೋರುತ್ತದೆ, ಆದರೆ ಕೂಸಿನಂತೆ ಕೈಕಾಲಾಡದೆ ಮುದ್ದೆಯೇ ಇಡಿಯಾಗಿ ಮಿಡಿಯುತ್ತದೆ. ಹತ್ತನೆಯ ತಿಂಗಳು ಕಳೆದ ಮೇಲೆಯೇ ಅದಕ್ಕೆ ಚಿಕಿತ್ಸೆ ಮಾಡತಕ್ಕದ್ದು ಎಂಬುದು ವಿಧಿ. ಎಂಥ ಎಚ್ಚರಿಕೆ ನೋಡಿ! ಇಂದಿನ ಗಡ್ಡೆ ಅದೇ ಎಂದು ಸಾಧಿಸಹೊರಡುವುದು ಮಾತ್ರ ನಮ್ಮಂಥ ಪಂಡಿತರ ಅತ್ಯುತ್ಸಾಹವಾದೀತು.

1853ರಲ್ಲಿ ಅಮೆರಿಕದ ಲೋವೆಲ್ ಪಟ್ಟಣದಲ್ಲಿ ವಾಲ್ಟರ್ ಬರ್ನ್‌ಹಮ್ ಎಂಬ ವೈದ್ಯನು ಅಂಡಾಶಯದ ಗಡ್ಡೆಯೆಂದು ಭಾವಿಸಿ ಒಬ್ಬಾಕೆಯ ಹೊಟ್ಟೆಯನ್ನು ಕೊಯ್ದನು. ಆಕೆ ಕ್ಲೋರೋಫಾರಂ ಮಂಪರಿನಲ್ಲೇ ವಾಂತಿಮಾಡಲು, ಗಡ್ಡೆ ತುಂಬಿದ ಗರ್ಭಕೋಶ ಹೊರಕ್ಕೆ ನುಗ್ಗಿತು. ಒಳಕ್ಕೆ ಸೇರಿಸಲಾಗದೆ ಅದನ್ನೇ ತೆಗೆದನು. ಆಕೆ ಬದುಕಿದಳು, ಅನಂತರ ಅದೇ ಚಿಕಿತ್ಸೆಗೊಳಗಾದವರಲ್ಲಿ ಬಹುಮಂದಿ ಬದುಕಲಿಲ್ಲ. ಮರುವರ್ಷ ಜರ್ಮನಿಯ ವಿರ್ಚೋ, ಈ ಗಡ್ಡೆ ಗರ್ಭಕೋಶದ ಗೋಡೆಯಲ್ಲಿರುವಂಥ ಸ್ನಾಯುವಿನಿಂದಲೇ ಆದುದೆಂದು ತೋರಿಸಿದನು.

ಮುಂದೆ ಅರಿವಳಿಕೆಯೂ ಶುಚಿತ್ವವೂ ಸುಧಾರಿಸಿದಂತೆ ಗರ್ಭಕೋಶ ತೆಗೆಯುವುದೇ ವಾಡಿಕೆಯಾಯಿತು. ಅದಕ್ಕೆ ಎದುರು ನಿಂತವನು ಲಂಡನ್ನಿನ ವಿಕ್ಟರ್ ಬಾನಿ (1872–1953). ಅವನ ಹೆಂಡತಿಯೇ ಈ ಗಡ್ಡೆಗಳಿಂದಾಗಿ ಗರ್ಭಕೋಶವನ್ನು ಕಳೆದುಕೊಂಡಿದ್ದಳು, ದಂಪತಿಗಳಿಗೆ ಮಕ್ಕಳಾಗಲಿಲ್ಲ. ಕೊಯ್ಯುವಾಗ ರಕ್ತನಾಳಗಳನ್ನು ಬಿಗಿಹಿಡಿಯುವ ಒಂದು ಚಿಮಟವನ್ನು ಬಾನಿ ರೂಪಿಸಿದನು. ರಕ್ತಸ್ರಾವ ಹತೋಟಿಗೆ ಬಂದ ಮೇಲೆ ಗಡ್ಡೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆದು, ಗರ್ಭಕೋಶವನ್ನು ಹೊಲಿದು ಉಳಿಸುತ್ತಿದ್ದನು. ಹೆಂಡತಿಯ ದುಃಖ ಅವನ ಕೈಗೆ ಈ ತಾಳ್ಮೆಯನ್ನು ಕಲಿಸಿತೆಂದು ನನ್ನ ಊಹೆ.

ಒಂದು ಗಡ್ಡೆಯ ಮೂಲ ಒಂದೇ ಒಂದು ಸ್ನಾಯುಕೋಶ. ಅದು ಇಬ್ಬಾಗವಾಗುತ್ತ ಹೆಚ್ಚುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟೆರೋನ್ ಎಂಬ ರಸಗಳೇ ಅದಕ್ಕೆ ಆಹಾರ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಕ್ಯಾನ್ಸರ್ ಆಗಿರುವುದು ತೀರ ಅಪರೂಪ. ತೊಂದರೆ ಕೊಡದ ಗಡ್ಡೆಗೆ ಎಷ್ಟೋ ವೇಳೆ ಚಿಕಿತ್ಸೆಯೇ ಬೇಡ. ಆದರೆ ಅತಿಯಾಗಿ ರಕ್ತ ಹೋಗುತ್ತಿದ್ದರೆ, ಓದುಗರೇ, ಮನೆಯವರು ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸತಕ್ಕದ್ದು. ಗರ್ಭಕೋಶ ಉಳಿಸಬಹುದೇ ಎಂದೂ ಕೇಳತಕ್ಕದ್ದು.

1995ರಲ್ಲಿ ಪ್ಯಾರಿಸ್ಸಿನ ರವೀನಾ ಮತ್ತು ಸಂಗಡಿಗರು, ಗಡ್ಡೆಗೆ ಹೋಗುವ ರಕ್ತದ ದಾರಿಯನ್ನೇ ಸಣ್ಣ ಕಣಗಳಿಂದ ಮುಚ್ಚಿ ಅದನ್ನು ಕುಗ್ಗಿಸಿದ ವರದಿ ಪ್ರಕಟಿಸಿದರು. 2011ರಲ್ಲಿ ಫಿನ್ಲೆಂಡಿನ ಸಂಶೋಧಕರು, ತಾವು ಪರೀಕ್ಷಿಸಿದ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 70ರಲ್ಲಿ ಮೆಡ್12 ಎಂಬ ಒಂದೇ ಜೀನು ಮಾರ್ಪಟ್ಟಿರುವುದನ್ನು ಕಂಡರು.