ಹಲ್ಲಿನೊಳಗಿನ ಓಲೆ

ಹೋದ ಗೋಕುಲಾಷ್ಟಮಿಯಲ್ಲಿ ನಾನೇ ಮಾಡಿದ ಚಕ್ಕುಲಿ ಕಡಿದು ನನ್ನದೇ ದವಡೆಹಲ್ಲಿನ ಒಂದು ಪಕ್ಕ ಹಾರಿಹೋಯಿತು. ಚಕ್ಕುಲಿ ಗಟ್ಟಿಯಾಗಿತ್ತೆಂದು ಮನೆಯವರು, ಹಲ್ಲು ಹಳೆಯದಾಗಿತ್ತೆಂದು ನಾನು. ಮೊದಲು ನೋಡಿದ ಡಾಕ್ಟರು ಕಿತ್ತುಬಿಡೋಣ ಎಂದಿದ್ದರು. ಎರಡನೆಯವರು, ನನ್ನ ಮಗಳ ವಯಸ್ಸಿನ ಹುಡುಗಿ, "ಕೀಳೋದು ಬೇಡ ಮೇಡಂ, ಇನ್‌ಲೇ ಕೂರಿಸೋಣ" ಎಂದಳು.

ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಇನ್‌ಲೇ ಎಂದರೆ ಬೀಟೆ ಮರದ ಹಲಗೆಯ ಮೇಲಿನ ಆನೆ, ಅಂಬಾರಿ. ಮಂಡಿ ಮೊಹಲ್ಲಾದ ಓಣಿಗಳಲ್ಲಿ ಕುಶಲಕರ್ಮಿಗಳು ಮರವನ್ನು ಆಕಾರಕ್ಕೆ ತಕ್ಕಂತೆ ತೋಡಿ, ಬೇರೆ ಬಣ್ಣದ ಚೂರನ್ನು ಅದರಲ್ಲಿ ಕೂರಿಸುವುದನ್ನು ಶಾಲೆಯ ಮಕ್ಕಳಿಗೆ ಎಷ್ಟೋ ಸಲ ತೋರಿಸಿದ್ದೇನೆ. ಅರಮನೆಯ ಅಂಬಾವಿಲಾಸದಲ್ಲಿ ಬೀಟೆ ಬಾಗಿಲಿಗೆ ಆನೆಯ ದಂತ ಕೂರಿಸಿರುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿ ಮರದೊಳಗೆ ಹಲ್ಲು. ಇಲ್ಲಿ ಹಲ್ಲಿನೊಳಗೆ ಇನ್ನೊಂದು ವಸ್ತು. ಕೆಲಸ ಒಂದೇ.

ನಾವು 'ಸಿಮೆಂಟ್ ಹಾಕಿಸುವುದು' ಎನ್ನುವುದು ಬೇರೆ. ಅದನ್ನು ಮೆತ್ತಗಿರುವಾಗಲೇ ಗುಳಿಗೆ ಒತ್ತಿ ತುಂಬುತ್ತಾರೆ, ಬಾಯಲ್ಲೇ ಗಟ್ಟಿಯಾಗುತ್ತದೆ. ಇನ್‌ಲೇಯನ್ನು ಹೊರಗೆ ಪೂರ್ತಿ ತಯಾರಿಸಿ ತಂದು ಅಂಟಿಸುತ್ತಾರೆ. ಹಾಗಾಗಿ ಗುಳಿಯ ಗೋಡೆಗಳು ಬಾಯಿಯ ಕಡೆಗೆ ಸ್ವಲ್ಪ ಅಗಲವಾಗಿರಬೇಕು, ಇಡ್ಲಿ ತಟ್ಟೆಯ ಗುಳಿಯ ಹಾಗೆ. ಒಳಗೆ ಅಗಲವಾಗಿ ಹೊರಗೆ ಕಿರಿದಾದರೆ ಚೂರು ಒಳಗೆ ಇಳಿಯುವುದೇ ಇಲ್ಲ.

ಆ ಹುಡುಗಿ ಇದನ್ನೆಲ್ಲ ವಿವರಿಸುವಾಗ ನನ್ನ ಮನಸ್ಸು ಅಮ್ಮನ ಬಾಯಲ್ಲಿತ್ತು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮನ ದವಡೆಹಲ್ಲು ಹುಳುಕಾಗಿ ನೋಯತೊಡಗಿತು. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಐವತ್ತಕ್ಕೆ ಮೊದಲೇ ಹಲ್ಲೆಲ್ಲ ಕಳೆದುಕೊಂಡಿದ್ದರು. ನೋವು ಬಂತು, ಲವಂಗದೆಣ್ಣೆ ಹಚ್ಚಿದರು, ತಡೆಯದಾಯಿತು, ಕೀಳಿಸಿದರು. ಜೀವಮಾನವಿಡೀ ನಂಜನಗೂಡು ಹಲ್ಲುಪುಡಿಯಲ್ಲೇ ತಿಕ್ಕಿದವರು ಅವರು. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದ ಮೇಲೆ ನಮ್ಮ ಸೀಮೆಯ ಮನೆಮನೆಗೂ ಬಂದ ಪುಡಿ ಅದು. ಪುಡಿ ಹಲ್ಲನ್ನು ಕಾಯಬಹುದು. ಗುಳಿ ಬಿದ್ದ ಮೇಲೆ ಏನು ಮಾಡೀತು? ಅದಕ್ಕೆ ಹಲ್ಲಿನ ಡಾಕ್ಟರು ಬೇಕು. ಕಲ್ಕತ್ತೆಯಲ್ಲಿ ಆರ್. ಅಹ್ಮದ್ ದೇಶದ ಮೊದಲ ದಂತವೈದ್ಯ ಕಾಲೇಜು ಆರಂಭಿಸಿದ್ದು 1920ರಲ್ಲಿ. ಮಣಿಪಾಲದ ಕಾಲೇಜು 1953ರದು, ಬೆಂಗಳೂರಿನ ಸರ್ಕಾರಿ ಕಾಲೇಜು 1958ರದು. ನಮ್ಮ ಮೈಸೂರಿಗೆ ಜೆಎಸ್‌ಎಸ್ ದಂತ ಕಾಲೇಜು ಬಂದಾಗ 1986. ಅಷ್ಟು ಹೊತ್ತಿಗೆ ಅಜ್ಜಿ ಕಟ್ಟಿಸಿದ ಹಲ್ಲನ್ನು ಲೋಟದ ನೀರಿನಲ್ಲಿಡುವುದನ್ನೂ ಬಿಟ್ಟಿದ್ದರು.

"ಹೆಂಗಸರ ಹಲ್ಲಿಗೆ ರಿಪೇರಿಯೇನೇ? ಕೀಳಿಸು, ಒಂದು ದಿನದ ಕೆಲಸ" ಎಂದರು ಅಜ್ಜಿ. ಅಮ್ಮ ಎದುರು ಮಾತಾಡಲಿಲ್ಲ. ಪೇಟೆಯ ಒಬ್ಬ ಡಾಕ್ಟರು, ಚಿನ್ನ ನೀವೇ ತಂದರೆ ಬರೀ ಕೂಲಿ ಕೊಡಿ ಸಾಕು ಎಂದಿದ್ದರಂತೆ. ಅಮ್ಮ ತವರಿನ ಓಲೆಗಳಲ್ಲಿ ಒಂದನ್ನು ಕೊಟ್ಟು, ದೇವರಾಜ ಮಾರುಕಟ್ಟೆಯ ನೂಕುನುಗ್ಗಲಲ್ಲಿ ಬಿದ್ದುಹೋಯಿತು ಎಂದು ಮನೆಯಲ್ಲಿ ಹೇಳಿದರು. ಅಜ್ಜಿ ಒಂದು ವಾರ ಗೊಣಗಿದರು.

ಓಲೆ ಹಲ್ಲಾಗುವ ಬಗೆ ಹೀಗೆ: ಗುಳಿಗೆ ಮೇಣ ತುಂಬಿ ಆಕಾರ ತೆಗೆದು, ಅದರ ಸುತ್ತ ಶಾಖ ತಡೆಯುವ ಹಿಟ್ಟನ್ನು ಕಲಸಿ ಹಾಕಿ, ಒಣಗಿದ ಮೇಲೆ ಕಾಯಿಸುತ್ತಾರೆ. ಮೇಣ ಕರಗಿ ಉರಿದುಹೋಗುತ್ತದೆ. ಆ ಖಾಲಿ ಜಾಗಕ್ಕೆ ಕರಗಿದ ಚಿನ್ನವನ್ನು ಒತ್ತಡದಿಂದ ನುಗ್ಗಿಸುತ್ತಾರೆ. ಅಮೆರಿಕದ ವಿಲಿಯಂ ಟಗಾರ್ಟ್ 1907ರಲ್ಲಿ ನ್ಯೂಯಾರ್ಕಿನ ದಂತವೈದ್ಯರ ಸಭೆಯಲ್ಲಿ ಇದನ್ನು ತೋರಿಸಿ ಹೆಸರಾದ. ಪೇಟೆಂಟ್ ಹಿಡಿದು ಸಹೋದ್ಯೋಗಿಗಳ ಮೇಲೆ ದಾವೆಗೂ ಹೋದ. ಹತ್ತು ವರ್ಷ ಮೊದಲೇ ಅಯೋವಾದ ಫಿಲ್‌ಬ್ರೂಕ್ ಇದನ್ನು ವಿವರಿಸಿದ್ದು ಹೊರಬಂದು ಅವನ ಹಕ್ಕು ಬಿದ್ದುಹೋಯಿತು.

ಫಿಲ್‌ಬ್ರೂಕನೂ ಮೊದಲಿಗನಲ್ಲ ಎಂದರೆ ಜಂಬವಾದೀತೇನೋ! ಮೇಣ ಕರಗಿಸಿ ಲೋಹ ಎರೆಯುವುದನ್ನು 12ನೇ ಶತಮಾನದಲ್ಲೇ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಬರೆದಿಟ್ಟಿದ್ದಾನೆ. ಅದು ಹಲ್ಲಿಗಲ್ಲ, ದೇವರ ಮೂರ್ತಿಗೆ. ಚಿನ್ನದ ಮೂರ್ತಿಯಾದರೆ ಮೇಣದ ಹದಿನಾರು ಪಟ್ಟು ತೂಕದ ಚಿನ್ನ ಬೇಕೆಂಬ ಲೆಕ್ಕವೂ ಅದರಲ್ಲಿದೆ. ಈ ಗ್ರಂಥದ ಮೊದಲ ಭಾಗವನ್ನು ಶಾಮಶಾಸ್ತ್ರಿಗಳು 'ಅಭಿಲಷಿತಾರ್ಥಚಿಂತಾಮಣಿ' ಎಂಬ ಹೆಸರಿನಲ್ಲಿ 1926ರಲ್ಲಿ ಅಚ್ಚು ಮಾಡಿಸಿದ್ದು ನಮ್ಮ ಮೈಸೂರಿನಲ್ಲೇ. ಸಂಸ್ಕೃತದಲ್ಲಿ ಜೇನುಮೇಣಕ್ಕೆ ಮಧೂಚ್ಛಿಷ್ಟ ಎನ್ನುತ್ತಾರೆ, ಜೇನಿನ ಎಂಜಲು. ಮಡಿವಂತೆ ಅಜ್ಜಿಗೆ ಇದು ಗೊತ್ತಿದ್ದರೆ!

ಗುಟ್ಟು ರಟ್ಟಾದದ್ದು ಚಿಕ್ಕಪ್ಪನ ಮದುವೆಯಲ್ಲಿ. ಯಾರದೋ ತಮಾಷೆಗೆ ಅಮ್ಮ ಬಾಯಿತುಂಬ ನಕ್ಕರು, ಒಳಗೆ ಮಿಂಚಿತು. ಅಜ್ಜಿ ನೋಡಿದರು. ಬೈಯಲಿಲ್ಲ. ರಾತ್ರಿ ಅಮ್ಮನನ್ನು ಕರೆದು, "ನೋವು ಪೂರ್ತಿ ಹೋಯಿತೇನೇ?" ಎಂದು ಕೇಳಿದರು. ಆ ದನಿಯಲ್ಲಿದ್ದದ್ದು ಕೋಪವಲ್ಲವೆಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ಈಗ ಚಿನ್ನದ ಬೆಲೆಗೆ ಅದನ್ನು ಹಲ್ಲಿಗೆ ಹಾಕಿಸುವವರು ಅಪರೂಪ. ನನ್ನದು ಹಲ್ಲಿನ ಬಣ್ಣದ ಪಿಂಗಾಣಿ. 1985ರಲ್ಲಿ ಜ್ಯೂರಿಕ್‌ನಲ್ಲಿ, ರೋಗಿ ಕುರ್ಚಿಯಲ್ಲಿರುವಾಗಲೇ ಕಂಪ್ಯೂಟರಿನಿಂದ ಪಿಂಗಾಣಿ ಕೊರೆದು ಕೂರಿಸಿದರಂತೆ. ನನಗೆ ಎರಡು ಸಲ ಹೋಗಬೇಕಾಯಿತು. ಖರ್ಚು ಕೇಳಿದಾಗ, "ಈ ವಯಸ್ಸಲ್ಲಿ ಒಂದು ಹಲ್ಲಿಗೆ ಅಷ್ಟೊಂದಾ?" ಎಂದು ನನ್ನ ಬಾಯಿಂದಲೇ ಬಂತು. ಥೇಟ್ ಅಜ್ಜಿಯ ದನಿ. ನನಗೇ ನಾಚಿಕೆಯಾಗಿ ಮುಂಗಡ ಕಟ್ಟಿ ಬಂದೆ.

ಅಮ್ಮ ಹೋಗಿ ಆರು ವರ್ಷವಾಯಿತು. ಕೊನೆಯವರೆಗೂ ಆ ಹಲ್ಲು ಅಲ್ಲೇ ಇತ್ತು. ಜೋಡಿ ಕಳೆದುಕೊಂಡ ಇನ್ನೊಂದು ಓಲೆ ನನ್ನ ಬೀರುವಿನಲ್ಲಿದೆ. ಅಶೋಕ ರಸ್ತೆಗೆ ಒಯ್ದು ಕರಗಿಸಿ ಉಂಗುರ ಮಾಡಿಸಮ್ಮ ಎನ್ನುತ್ತಾಳೆ ಮಗಳು. ಇನ್ನೂ ಒಯ್ದಿಲ್ಲ.